ಹಠ ನಾಯಿದಲ್ಲ, ನಮ್ಮದು

ಈ ಸಲ ಗೊಬ್ಬರದ ಲೆಕ್ಕ ಇಲ್ಲ, ಕಬ್ಬಿನ ಬಿಲ್ಲಿನ ಸುದ್ದಿನೂ ಇಲ್ಲ. ನಾಯಿ ಬಗ್ಗೆ ಬರೀತೀನಿ. ಸ್ವಲ್ಪ ಖಾರ ಐತಿ, ಆದ್ರೂ ಕೊನೆತನಕ ಓದ್ರಿ.

ನಮ್ಮ ಸುತ್ತಿನ ತೋಟಗಳನ್ನ ಅಡ್ಡಾಡಿ ಬಂದ್ರ ಮುಧೋಳ ನಾಯಿಗಳಿಗೇನೂ ಕಮ್ಮಿ ಇಲ್ಲ. ಆದರೆ ಹೆಚ್ಚಿನವು ಮೋಟಾರು ಮನೆಯ ಹಿಂದೆ, ನಾಲ್ಕು ಅಡಿ ಸರಪಳಿಯಲ್ಲಿ. ಯಾಕ್ರೀ ಕಟ್ಟೀರಿ ಅಂತ ಕೇಳಿದ್ರ ಎಲ್ಲರದೂ ಒಂದೇ ಉತ್ತರ: "ಬಿಟ್ರ ಓಡಿ ಹೋಗ್ತೈತಿ, ಕರೆದ್ರ ಬರಂಗಿಲ್ಲ. ಭಾಳ ಹಠಮಾರಿ ಜಾತಿರೀ. ಓಡೂದು ಬಿಟ್ರ ಅದರ ತಲಿಯೊಳಗ ಏನೂ ಇಲ್ಲ." ಇದಾದ ಮೇಲೆ ಲ್ಯಾಬ್ರಡಾರ್ ಮರಿ ಬರ್ತದ. ಈ ಬಡಪಾಯಿ ಎಂಟು ತಿಂಗಳಾಗೋದ್ರೊಳಗ ಯಾರದೋ ಪಾಲಾಗ್ತದ, ಇಲ್ಲಾ ಹೆದ್ದಾರಿ ಧಾಬಾದ ಹತ್ರ ಇಳಿಸಿ ಬರ್ತಾರ.

ನಾನು ನೇರವಾಗಿ ಹೇಳ್ತೀನಿ. 'ಹಠಮಾರಿ' ಅನ್ನೋದು ಈ ನಾಯಿಯ ಗುಣ ಅಲ್ಲ. ಕಲಿಸದೇ ಕೈಬಿಟ್ಟವರು ಹೇಳೋ ನೆಪ.

ಮೊದಲು ಈ ನಾಯಿಯನ್ನ ಯಾವ ಕೆಲಸಕ್ಕೆ ಬೆಳೆಸಿದರು ಅನ್ನೋದನ್ನ ನೆನಪು ಮಾಡ್ಕೋರಿ. ಇದು ಮೂಸಿ ಹುಡುಕೋ ನಾಯಿ ಅಲ್ಲ, ಕಣ್ಣಿಂದ ನೋಡಿ ಬೆನ್ನು ಹತ್ತೋ ನಾಯಿ. ಬಯಲಿನಲ್ಲಿ ಮೊಲ ಎದ್ದಾಗ ಮನುಷ್ಯ ಎಲ್ಲೋ ಹಿಂದೆ ಉಳಿದಿರ್ತಾನ. ಎಡಕ್ಕೆ ತಿರುಗಬೇಕೋ, ಬಲಕ್ಕೆ ಅಡ್ಡ ಹಾಯಬೇಕೋ ಅನ್ನೋದನ್ನ ನಾಯಿ ತಾನೇ ತೀರ್ಮಾನಿಸಬೇಕು. "ಯಜಮಾನ್ರ, ಈಗೇನು ಮಾಡ್ಲಿ?" ಅಂತ ತಿರುಗಿ ನೋಡಿದ ನಾಯಿಗೆ ಮೊಲ ಸಿಗಂಗಿಲ್ಲ. ಹಂಗ ತಿರುಗಿ ನೋಡದ ನಾಯಿಗಳನ್ನೇ ನಮ್ಮ ಹಿರಿಯರು ತಲೆಮಾರುಗಟ್ಟಲೆ ಆರಿಸಿ ಮರಿ ಮಾಡಿಸಿದರು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನ ಉಳಿಸಿ ಬೆಳೆಸಿದ್ದೂ ಇದೇ ಗುಣಕ್ಕೆ. ಈಗ ಅದೇ ಗುಣವನ್ನ ಹಿಡಿದು ಅದಕ್ಕೆ ಬೈತೀವಿ.

ವಿದೇಶದ ಬಾರ್ಡರ್ ಕೋಲಿ ನಾಯಿಯ ವಿಡಿಯೋ ತೋರಿಸಿ, "ನೋಡ್ರಿ, ಇದಕ್ಕಂತಾರ ಬುದ್ಧಿ" ಅನ್ನೋರು ಬಹಳ ಮಂದಿ. ಆ ನಾಯಿಯನ್ನ ಕುರಿ ತಿರುಗಿಸೋದಕ್ಕೆ ಬೆಳೆಸಿದ್ದು. ಕ್ಷಣಕ್ಕೊಮ್ಮೆ ಕುರಿಗಾರನ ಸೀಟಿ ಕೇಳೋದೇ ಅದರ ಕೆಲಸ. ಎತ್ತು ಹಾಲು ಕೊಡಲಿಲ್ಲ ಅಂತ ಯಾರಾದ್ರೂ ಎತ್ತಿಗೆ ಬೈತಾರೇನ್ರಿ?

ಇನ್ನು ಕೆಲವರು ಓದಿಕೊಂಡವರು. ಅವರು ನಾಯಿಗಳ ಬುದ್ಧಿವಂತಿಕೆಯ ಪಟ್ಟಿ ತೋರಿಸ್ತಾರ. ಆ ಪಟ್ಟಿ ಕೆನಡಾದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ಬರೆದ ಪುಸ್ತಕದ್ದು. ಅದರಲ್ಲಿ ಬಾರ್ಡರ್ ಕೋಲಿ ಮೊದಲು, ಅಫ್ಘನ್ ಹೌಂಡ್ ಕಟ್ಟಕಡೆಗೆ. ಅಫ್ಘನ್ ಹೌಂಡ್ ಅಂದ್ರ ನಮ್ಮ ಮುಧೋಳದ ಹಂಗನ ಕಣ್ಣಿಂದ ಬೇಟೆ ಆಡೋ ನಾಯಿ. "ಮತ್ತೇನು ಬೇಕು ಸಾಕ್ಷಿ?" ಅಂತಾರ. ಸಾಕ್ಷಿ ಏನಂತ ಪೂರ್ತಿ ನೋಡೋಣ. ಅಮೆರಿಕ ಮತ್ತು ಕೆನಡಾದಲ್ಲಿ ನಾಯಿಗಳ ವಿಧೇಯತೆಯ ಸ್ಪರ್ಧೆ ನಡೆಸೋ ಸುಮಾರು 200 ತೀರ್ಪುಗಾರರ ಅಭಿಪ್ರಾಯ ಕೇಳಿ ಮಾಡಿದ ಪಟ್ಟಿ ಅದು. ಅದು ಅಳೆದದ್ದು ಹೇಳಿದ ಮಾತು ಎಷ್ಟು ಬೇಗ ಕಲಿತು ಪಾಲಿಸ್ತದ ಅನ್ನೋದನ್ನ ಮಾತ್ರ. ಹುಟ್ಟುಗುಣದ ಬುದ್ಧಿ ಬೇರೆ, ತಾನೇ ಯೋಚಿಸಿ ದಾರಿ ಹುಡುಕೋ ಬುದ್ಧಿ ಬೇರೆ ಅಂತ ಕೋರೆನ್ ಅವರೇ ಅದೇ ಪುಸ್ತಕದಲ್ಲಿ ವಿಂಗಡಿಸಿದ್ದಾರೆ. ನಮ್ಮ ಮುಧೋಳದ ಹೆಸರಂತೂ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಇರಲಿ, ಆ ಪಟ್ಟಿಯನ್ನೇ ಒಪ್ಪೋಣ. ಮೇಲಿನ ನಾಯಿಗಳು ಹೊಸ ಮಾತನ್ನ 5ಕ್ಕಿಂತ ಕಡಿಮೆ ಸಲದಲ್ಲಿ ಕಲೀತಾವ, ಕೆಳಗಿನವಕ್ಕೆ 80ರಿಂದ 100 ಸಲ ಬೇಕು ಅಂತ ಅದರ ಲೆಕ್ಕ. ಆ 100 ಸಲ ಅಂದ್ರ ಎಷ್ಟು ದೊಡ್ಡದು? ಮುಂಜಾನೆ, ಮಧ್ಯಾಹ್ನ, ಸಂಜಿ ಹತ್ತತ್ತು ಸಲ ಹೇಳಿದರೆ ದಿನಕ್ಕೆ 30. ನಾಲ್ಕನೇ ದಿನಕ್ಕೆ 120 ಆಗ್ತದ. ಜಗತ್ತಿನ ಕಟ್ಟಕಡೆಯ 'ದಡ್ಡ' ನಾಯಿಗೂ ನಾಲ್ಕು ದಿನದ ಕೆಲಸ ಅಷ್ಟೇ! "ನಾನು ಸಾಕಷ್ಟು ಕಲಿಸಿದೆ" ಅನ್ನೋರು ಈ ಲೆಕ್ಕ ಕೊಡ್ರಿ. ಎಷ್ಟು ಸಲ ಕರೆದಿರಿ, ಬಂದಾಗ ಎಷ್ಟು ಸಲ ಕೈಯಾಗ ಏನಾದ್ರೂ ಕೊಟ್ರಿ?

ಖಿಲಾರಿ ಹೋರಿ ಸಾಕಿದವರು ನಮ್ಮಲ್ಲಿ ಇನ್ನೂ ಅದಾರ. ಅದು ಎಷ್ಟು ಚುರುಕು, ಎಷ್ಟು ಸಿಡುಕು ಅಂತ ಅವರಿಗೆ ಗೊತ್ತು. ಅದನ್ನ ನೊಗಕ್ಕೆ ಹೂಡೋ ಮುಂಚೆ ಮೈದಡವಿ ರೂಢಿ ಮಾಡಿ, ಪಳಗಿದ ಎತ್ತಿನ ಜೋಡಿ ಹಾಕಿ, ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸ್ತೀವಿ. ಮೊದಲ ದಿನ ನೊಗ ಒದರಿಕೊಂಡು ಓಡಿದ್ರ "ಭಾಳ ಹುರುಪಿನ ಹೋರಿ" ಅಂತ ಮೀಸಿ ತಿರುವ್ತೀವಿ. ನಾಯಿ ಓಡಿದ್ರ ಮಾತ್ರ ತಲಿ ಇಲ್ಲ ಅಂತೀವಿ. ಇದು ಯಾವ ನ್ಯಾಯ?

"ನಾಲ್ಕು ಬಿಗಿದ್ರ ತಾನೇ ಕಲೀತೈತಿ" ಅನ್ನೋ ಮಾತು ಇನ್ನೂ ಜೀವಂತ ಐತಿ. ಪಟ್ಟಣದಿಂದ ಬಂದ ತರಬೇತುದಾರನೊಬ್ಬ ನಮ್ಮ ತೋಟಕ್ಕೂ ಬಂದು, ಕೊರಳಿಗೆ ಮುಳ್ಳಿನ ಪಟ್ಟಿ ಹಾಕಿದ್ರ ವಾರದಾಗ ದಾರಿಗೆ ತರ್ತೀನಿ ಅಂದಿದ್ದ. ಬಂದ ದಾರಿಲೇ ಕಳಿಸಿದೆ. ಕರೆದಾಗ ತಡವಾಗಿ ಬಂದ ನಾಯಿಗೆ ಏಟು ಕೊಟ್ರ ಅದು ಏನು ಕಲೀತದ ಹೇಳ್ರಿ? 'ತಡಮಾಡಬಾರದು' ಅಂತ ಕಲಿಯಂಗಿಲ್ಲ. 'ಯಜಮಾನನ ಹತ್ರ ಹೋದ್ರ ಏಟು ಬೀಳ್ತದ' ಅಂತ ಕಲೀತದ. ಅಂದ್ರ ಬಾರದಿರೋದನ್ನ ನಾವೇ ಕಲಿಸಿದಂಗಾತು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ನಾಯಿ ಸಾಕಿದವರನ್ನ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಇನಾಮು ಕೊಟ್ಟು ಕಲಿಸಿದಷ್ಟೂ ನಾಯಿ ಹೆಚ್ಚು ಮಾತು ಕೇಳ್ತದ, ಶಿಕ್ಷೆ ಹೆಚ್ಚಾದಷ್ಟೂ ಕೆಟ್ಟ ಚಾಳಿ ಹೆಚ್ಚಿರ್ತಾವ ಅಂತ ಅದರಲ್ಲಿ ಕಂಡುಬಂತು. ಮುಧೋಳವಂತೂ ಬಹಳ ಸೂಕ್ಷ್ಮ ನಾಯಿ. ಒಮ್ಮೆ ಜೋರಾಗಿ ಗದರಿಸಿದರೆ ದಿನವಿಡೀ ಮೂಲೆ ಹಿಡೀತದ. ಅದು ಹೆದರಿ ನಿಂತಿರ್ತದ, ನಾವು ಹಠ ಅಂತ ತಿಳೀತೀವಿ.

ನಮ್ಮ ತೋಟದಲ್ಲಿ ಎರಡು ಅದಾವ. ದೊಡ್ಡದು ಕಾಳಿ. ಅದಕ್ಕೆ ಕಲಿಸಿದ ಕ್ರಮ ಬರೀತೀನಿ, ಬೇಕಾದವರು ಮಾಡಿ ನೋಡ್ರಿ.

ಮೂರು ವಾರದಿಂದ ಸುಮಾರು ಮೂರು ತಿಂಗಳ ತನಕ ಮರಿ ನೋಡಿದ್ದೆಲ್ಲ ಅದರ ಮನಸ್ಸಿನಲ್ಲಿ ಉಳೀತದ. ಹಾಗಾಗಿ ಮರಿ ಮನಿಗೆ ಬಂದ ದಿನದಿಂದಲೇ ಕೋಳಿ, ಆಡು, ಎಮ್ಮೆ, ಟ್ರ್ಯಾಕ್ಟರ್ ಸಪ್ಪಳ ಎಲ್ಲ ಹತ್ತಿರದಿಂದ ತೋರಿಸ್ರಿ.

ಕರೆಯೋ ಮಾತು ಮನಿ ಮಂದಿಗೆಲ್ಲ ಒಂದೇ ಇರಲಿ. ಒಬ್ಬರು "ಬಾ", ಇನ್ನೊಬ್ಬರು "ಕಮಾನ್", ಮತ್ತೊಬ್ಬರು "ಏ ಇಲ್ಲಿ" ಅಂದ್ರ ಅದು ಯಾವುದನ್ನ ಹಿಡೀಬೇಕು? ಹೊಲದಲ್ಲಿ ಗಾಳಿ ಇರ್ತದ, ಅಲ್ಲಿಗೆ ಸೀಟಿ ಒಳ್ಳೇದು.

ಕಲಿಕೆ ಊಟಕ್ಕೆ ಮುಂಚೆ, ಐದು ನಿಮಿಷ ಮಾತ್ರ. ಆರನೇ ನಿಮಿಷಕ್ಕೆ ಅದಕ್ಕೆ ಬ್ಯಾಸರ. ಬಂದ ತಕ್ಷಣ, ಒಂದೆರಡು ಸೆಕೆಂಡಿನಲ್ಲೇ ಇನಾಮು ಬಾಯಿಗೆ ಹೋಗಬೇಕು. ಒಣ ರೊಟ್ಟಿ ತುಂಡಿಗೆ ಮುಧೋಳ ಮರುಳಾಗಂಗಿಲ್ಲ. ಬೇಯಿಸಿದ ತತ್ತಿ, ಕೋಳಿ ಕಾಳಿಜ ಕೊಡ್ರಿ. ಮನಿಯಾಗ ಮಾಂಸ ನಡೆಯೋದಿಲ್ಲ ಅಂದ್ರ ಪನೀರ್ ತುಂಡು ಆಗ್ತದ. ದ್ರಾಕ್ಷಿ ಬೆಳೆಗಾರರು ಒಂದು ನೆನಪಿಡ್ರಿ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಉಳ್ಳಾಗಡ್ಡಿನೂ ಬ್ಯಾಡ.

ಮೊದಲು ಮನಿಯೊಳಗ, ಆಮೇಲೆ ಅಂಗಳದಾಗ, ಆಮೇಲೆ ಹೊಲದಾಗ. ಹೊಲದಲ್ಲಿ 30-40 ಅಡಿ ಹಗ್ಗ ಕಟ್ಟಿಯೇ ಬಿಡ್ರಿ. ಜಗ್ಗೋದಕ್ಕಲ್ಲ, ಓಡಿ ಹೋಗದಂಗ ನೋಡ್ಕೊಳ್ಳೋದಕ್ಕೆ. ಬಂದ ಮೇಲೆ ಇನಾಮು ಕೊಟ್ಟು ಮತ್ತೆ ಬಿಡ್ರಿ. ಕರೆದಾಗೆಲ್ಲ ಸರಪಳಿ ಹಾಕಿದ್ರ ಯಾವ ನಾಯಿ ಬರ್ತದ? ಕಾಳಿ "ಬಾ" ಅನ್ನೋದನ್ನ ವಾರದೊಳಗೆ ಕಲೀತು. ಹಗ್ಗ ಇಲ್ಲದೆ ಹೊಲದಿಂದ ತಿರುಗಿ ಬರೋದಕ್ಕೆ ಎರಡೂವರೆ ತಿಂಗಳು ಹಿಡೀತು.

ಇಷ್ಟೆಲ್ಲ ಮಾಡಿದ್ರೂ ಮೊಲ ಎದ್ದು ಬೆನ್ನು ಹತ್ತಿದ ಮೇಲೆ ಕಾಳಿ ಕರೆದರೆ ಬರ್ತದ ಅಂತ ನಾನು ಆಣಿ ಮಾಡಂಗಿಲ್ಲ. ಆ ಹೊತ್ತಿನಲ್ಲಿ ಅದಕ್ಕೆ ಕಿವಿನೇ ಇರೋದಿಲ್ಲ. ಅದಕ್ಕೇ ರಸ್ತೆ ಹತ್ರ, ಪರರ ಕುರಿ ಹಿಂಡಿನ ಹತ್ರ ಹಗ್ಗ ಬಿಚ್ಚಬಾರದು. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ತಲಿಯಾಗ ಇರಲಿ. ಇನ್ನು ಕಾಡುಹಂದಿ ಕಾಯಲಿ ಅಂತ ಮುಧೋಳ ತರೋರಿಗೆ ಒಂದು ಮಾತು: ಇದರ ಚರ್ಮ ತೆಳು, ಮೈಯಾಗ ಕೊಬ್ಬಿಲ್ಲ. ಹಂದಿ ಕೋರೆ ತಾಗಿದ್ರ ಸೀಳಿ ಹೋಗ್ತದ. ಹಂದಿ ಮುಂದೆ ಹಿಂದೆ ಸರಿದ ನಾಯಿಯನ್ನ ಅಂಜುಬುರುಕ ಅನ್ನಬ್ಯಾಡ್ರಿ. ಅಲ್ಲಿ ಬುದ್ಧಿ ತೋರಿಸಿದ್ದು ಅದೇ.

2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರ ಇರೋ ಅಂಚೆಚೀಟಿ ತಂತು. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನ ಮೀರತ್‌ಗೆ ಒಯ್ದು ತರಬೇತಿಗೆ ಹಚ್ಚಿದರು. ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಗಂತಲೇ ಐತಿ. ದೂರದವರು ಇದನ್ನ ಕಲಿಸಿ ನೋಡೋಣ ಅಂತಾರ. ತವರೂರಿನವರಾದ ನಾವು ಮಾತ್ರ ದಡ್ಡ ಅಂತ ಷರಾ ಬರೆದು ಸರಪಳಿ ಹಾಕಿ ಕೂತೀವಿ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿ ಹಾಕೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಅಂತ ಎಷ್ಟು ಮಂದಿಗೆ ಗೊತ್ತು? ಮುಧೋಳ ಸುತ್ತ ಮರಿ ಮಾರಿ ಬದುಕೋ ಮನೆತನಗಳು ಅದಾವ. 'ಹಠಮಾರಿ ಜಾತಿ' ಅನ್ನೋ ಹೆಸರು ಹಬ್ಬಿದಷ್ಟೂ ಅವರ ಅನ್ನಕ್ಕೂ ಕಲ್ಲು ಬೀಳ್ತದ.

ಪುರುಸೊತ್ತಿಲ್ಲದವರು ಈ ನಾಯಿ ತರಲೇಬ್ಯಾಡ್ರಿ, ಅದರಲ್ಲಿ ನಾಚಿಕೆ ಏನಿಲ್ಲ. ತಂದವರು ದಿನಕ್ಕೆ ಮೂರು ಸಲ ಐದೈದು ನಿಮಿಷ ಕೊಡ್ರಿ. ಮೊಬೈಲ್ ನೋಡೋ ಹೊತ್ತಿನಲ್ಲಿ ಅದೆಷ್ಟರದು?

ನನ್ನ ಮಾತು ಒಪ್ಪದವರು ಯಾವ ಐತವಾರನಾದ್ರೂ ನಮ್ಮ ಹೊಲಕ್ಕೆ ಬರ್ರಿ. ನಿಮ್ಮ 'ಹಠಮಾರಿ'ಯನ್ನ ಕರಕೊಂಡೇ ಬರ್ರಿ. ಉದ್ದ ಹಗ್ಗ ನನ್ನ ಹತ್ರ ಐತಿ, ಬೇಯಿಸಿದ ತತ್ತಿನೂ ಇರ್ತದ. ಕೋಲು ಮಾತ್ರ ಮನಿಯಾಗ ಇಟ್ಟು ಬರ್ರಿ.