ಸಂಜೆಯ ಪ್ರಾರ್ಥನೆ ನಿಂತ ಮನೆ



ಹೋದ ತಿಂಗಳು ನಮ್ಮ ಬೀದಿಯ ವೃದ್ಧ ಉಪಾಧ್ಯಾಯರೊಬ್ಬರು ಸಾಯಂಕಾಲದ ಹೊತ್ತಿಗೆ ನಮ್ಮ ಮನೆಗೆ ಬಂದು, ಬಹಳ ಹೊತ್ತು ಏನೂ ಮಾತನಾಡದೆ ಕುಳಿತಿದ್ದು, ಕಡೆಗೆ ತಮ್ಮ ಮನಸ್ಸಿನ ಭಾರವನ್ನು ಇಳಿಸಿದರು. ನಲವತ್ತು ವರ್ಷಗಳಿಂದ ಅವರ ಮನೆಯಲ್ಲಿ ದೀಪ ಹಚ್ಚಿದೊಡನೆ ಸತ್ಯವೇದವನ್ನೋದಿ ಮೊಣಕಾಲೂರಿ ಪ್ರಾರ್ಥಿಸುವ ಪದ್ಧತಿಯು ತಪ್ಪಿದ್ದಿಲ್ಲ. ಈ ವರ್ಷ ಅವರ ಹಿರಿಯ ಮಗನು ಜ್ವರದಲ್ಲಿ ಮಲಗಿದನು. ಮೂರು ವಾರಗಳ ಕಾಲ ಮನೆಯವರೆಲ್ಲರೂ, ಸಭೆಯವರೂ ಕೂಡಿ ಪ್ರಾರ್ಥಿಸಿದರು. ಮಗನು ಉಳಿಯಲಿಲ್ಲ. ಸೊಸೆಯನ್ನೂ ಎಂಟು ವರ್ಷದ ಮೊಮ್ಮಗನನ್ನೂ ಮುದುಕರ ಕೈಗೆ ಬಿಟ್ಟು ಹೋದನು.

“ಅಯ್ಯಾ, ಮೊಣಕಾಲೂರುತ್ತೇನೆ, ಬಾಯಿ ಮಾತ್ರ ತೆರೆಯುವುದಿಲ್ಲ. ಯಾರೊಡನೆ ಮಾತನಾಡುತ್ತಿದ್ದೇನೆಂಬುದೇ ತಿಳಿಯದಾಗಿದೆ. ಈಗ ಒಂದು ತಿಂಗಳಿಂದ ಮೊಣಕಾಲೂರುವುದನ್ನೂ ಬಿಟ್ಟಿದ್ದೇನೆ. ನಂಬಿಕೆಯುಳ್ಳವನಿಗೆ ಇಂಥ ಸಂಶಯವು ಬರುವುದುಂಟೇ? ಅಥವಾ ನನಗೆ ಮೊದಲಿನಿಂದಲೂ ನಂಬಿಕೆಯೇ ಇರಲಿಲ್ಲವೇ?” ಎಂದು ಅವರು ಕೇಳಿದರು.

ನಾನು ಆಗ ಹೇಳಿದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದುಃಖಿತರ ಮನೆಯಲ್ಲಿ ನಾವೆಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆನು: ದೇವರು ಮಾಡಿದ್ದೆಲ್ಲ ಒಳ್ಳೆಯದಕ್ಕೇ, ಮುಂದೆ ತಿಳಿದೀತು ಎಂದು. ಅವರು ವಿನಯದಿಂದ ತಲೆದೂಗಿದರು. ಆದರೆ ಅವರ ಮುಖದ ಮೇಲೆ ಬಾಗಿಲು ಮುಚ್ಚಿದ ಹಾಗಾದುದನ್ನು ನಾನು ಕಂಡೆನು. ಮಾತು ಸತ್ಯವಾಗಿದ್ದರೂ ಹೊತ್ತಲ್ಲದ ಹೊತ್ತಿನಲ್ಲಿ ಆಡಿದರೆ ಅದು ಗಾಯಕ್ಕೆ ಉಪ್ಪಾಗುತ್ತದೆ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ನೆಲದ ಮೇಲೆ ಕುಳಿತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಅವರು ಕೆಟ್ಟುದು ಮಾತನಾಡತೊಡಗಿದ ಮೇಲೆಯೇ.

ಮಾತನ್ನು ಬದಲಿಸಬೇಕೆಂದು ನಾನು ಶ್ರೀರಾಮಪುರದ ಬೆಂಕಿಯ ಸಂಗತಿಯನ್ನು ಎತ್ತಿದೆನು. ಉಪಾಧ್ಯಾಯರು ಪುಸ್ತಕಪ್ರಿಯರಾದುದರಿಂದ ಸ್ವಲ್ಪ ಕಿವಿಗೊಟ್ಟರು. ಆ ಸಂಗತಿಯನ್ನು ವಾಚಕರಲ್ಲಿ ಕೆಲವರು ಬಲ್ಲರು, ಎಲ್ಲರೂ ಅರಿಯರು. ಕನ್ನಡಿಗರಿಗೆ ಅದರಲ್ಲಿ ಒಂದು ಪಾಲೂ ಉಂಟು. ಆದುದರಿಂದ ಇಲ್ಲಿ ಬರೆಯುತ್ತೇನೆ.

ವಿಲಿಯಂ ಕೇರಿಯವರು ಇಂಗ್ಲೆಂಡಿನಲ್ಲಿ ಪಾದರಕ್ಷೆ ಹೊಲಿಯುವ ಕಸುಬಿನವರಾಗಿದ್ದು, ಆಮೇಲೆ ಬೋಧಕರಾಗಿ, 1793ನೆಯ ನವೆಂಬರಿನಲ್ಲಿ ಸಂಸಾರಸಮೇತರಾಗಿ ವಂಗದೇಶಕ್ಕೆ ಬಂದಿಳಿದರು. 1800ರಲ್ಲಿ ಅವರು ಕಲ್ಕತ್ತೆಗೆ ಸಮೀಪದಲ್ಲಿ, ಆಗ ಡೇನರ ಅಧೀನದಲ್ಲಿದ್ದ ಶ್ರೀರಾಮಪುರವನ್ನು ಸೇರಿ, ಮಾರ್ಷ್‌ಮನ್ ಮತ್ತು ವಾರ್ಡ್ ಎಂಬ ಸಂಗಡಿಗರೊಡನೆ ಅಲ್ಲಿ ಒಂದು ದೊಡ್ಡ ಅಚ್ಚುಕೂಟವನ್ನು ನಡೆಯಿಸತೊಡಗಿದರು. ಹಿಂದೂಸ್ಥಾನದ ಹಲವು ಭಾಷೆಗಳಿಗೆ ಅಚ್ಚಿನ ಮೊಳೆಗಳನ್ನು ಎರಕಹೊಯ್ದು, ಸತ್ಯವೇದದ ಭಾಗಗಳನ್ನೂ ವ್ಯಾಕರಣಗಳನ್ನೂ ನಿಘಂಟುಗಳನ್ನೂ ಅಚ್ಚುಹಾಕುವ ಕೆಲಸವು ಅಲ್ಲಿ ಹಗಲಿರುಳು ಸಾಗಿತ್ತು.

1812ನೆಯ ಮಾರ್ಚ್ 11ನೆಯ ತಾರೀಖು ಸಂಜೆ, ಕೇರಿಯವರು ಕಲ್ಕತ್ತೆಯ ಕಾಲೇಜಿನ ಪಾಠಗಳಿಗಾಗಿ ಹೋಗಿದ್ದ ಸಮಯದಲ್ಲಿ, ಅಚ್ಚುಕೂಟದ ಕಾಗದದ ರಾಶಿಗೆ ಬೆಂಕಿ ಹತ್ತಿತು. ಹೊಗೆಯನ್ನು ಮೊದಲು ಕಂಡವರು ವಾರ್ಡರು. ಗಾಳಿಯು ಒಳಗೆ ಹೋಗದಂತೆ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮೇಲಿನಿಂದ ನೀರು ಹೊಯ್ಯಿಸಿ, ಕೆಲವು ಗಂಟೆಗಳ ಕಾಲ ಬೆಂಕಿಯನ್ನು ಅಡಗಿಸಿಟ್ಟರು. ಅಷ್ಟರಲ್ಲಿ ಯಾರೋ ತಿಳಿಯದೆ ಒಂದು ಕಿಟಕಿಯನ್ನು ತೆರೆದರು. ಆಮೇಲೆ ತಡೆಯುವವರೇ ಇಲ್ಲ. ನಡುರಾತ್ರಿಯ ವೇಳೆಗೆ ಮಾಳಿಗೆಯು ಕುಸಿದುಬಿತ್ತು.

ಮರುದಿನ ಮಾರ್ಷ್‌ಮನ್ನರು ಕಲ್ಕತ್ತೆಗೆ ಹೋಗಿ ಸುದ್ದಿ ತಿಳಿಸಲು, ಕೇರಿಯವರು ಕೂಡಲೆ ಹಿಂದಿರುಗಿ ಇನ್ನೂ ಹೊಗೆಯಾಡುತ್ತಿದ್ದ ಬೂದಿಯ ನಡುವೆ ನಡೆದಾಡಿದರು. ಅವರಿಗೆ ಆಗ ಐವತ್ತು ವರ್ಷ. ವಂಗಭಾಷೆಯ ನಿಘಂಟಿನ ಎಷ್ಟೋ ಪುಟಗಳು, ತೆಲುಗು ವ್ಯಾಕರಣ, ಇಂಗ್ಲಿಷಿಗೆ ತಿರುಗಿಸುತ್ತಿದ್ದ ರಾಮಾಯಣದ ಒಂದು ವರ್ಷದ ಕೆಲಸ, ಸಂಸ್ಕೃತವನ್ನು ಮೂಲವಾಗಿಟ್ಟು ಹಿಂದೂಸ್ಥಾನದ ಭಾಷೆಗಳನ್ನು ಸಾಲಾಗಿ ಜೋಡಿಸಿ ಬಹು ಕಾಲದಿಂದ ಬರೆಯುತ್ತಿದ್ದ ಮಹಾನಿಘಂಟು ಎಲ್ಲವೂ ಸುಟ್ಟುಹೋಗಿದ್ದವು. ನಮ್ಮ ಕನ್ನಡಕ್ಕೆ ಅವರು ತಿರುಗಿಸಿದ್ದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಆ ಬೂದಿಯಲ್ಲಿ ಸೇರಿತ್ತು. ಎಷ್ಟೋ ವರ್ಷಗಳ ದುಡಿಮೆಯು ಒಂದೇ ಸಂಜೆಯಲ್ಲಿ ಹೋಯಿತೆಂದು ಅವರು ಕಣ್ಣೀರಿಟ್ಟರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮುಂದಿನ ಭಾನುವಾರ ಅವರು ನಲವತ್ತಾರನೆಯ ಕೀರ್ತನೆಯ ಒಂದು ವಾಕ್ಯದ ಮೇಲೆ ಪ್ರಸಂಗಮಾಡಿದರು. ನಮ್ಮನ್ನೂ ನಮ್ಮದನ್ನೂ ತನ್ನ ಚಿತ್ತದಂತೆ ನಡೆಯಿಸಲು ದೇವರಿಗಿರುವ ಹಕ್ಕು, ಅದಕ್ಕೆ ಒಪ್ಪಿ ಸುಮ್ಮನಿರತಕ್ಕ ನಮ್ಮ ಕರ್ತವ್ಯ, ಇವೆರಡೇ ಅಂದಿನ ಬೋಧೆ.

ಬೂದಿಯನ್ನು ಕೆದಕಿದಾಗ, ಮೊಳೆಗಳನ್ನು ತಯಾರಿಸುವ ಉಕ್ಕಿನ ಮೂಲ ಅಚ್ಚುಗಳು ಕೆಡದೆ ದೊರೆತವು. ಅಚ್ಚುಯಂತ್ರಗಳಲ್ಲಿ ಐದು ಉಳಿದುಕೊಂಡಿದ್ದವು. ಕರಗಿದ ಸೀಸವನ್ನೇ ಒಟ್ಟುಮಾಡಿ ಮತ್ತೆ ಮೊಳೆ ಹೊಯ್ಯಲಾರಂಭಿಸಿದರು. ಸುದ್ದಿಯು ಹಡಗಿನಲ್ಲಿ ಇಂಗ್ಲೆಂಡಿಗೆ ಮುಟ್ಟಿದ ಮೇಲೆ ಸುಮಾರು ಎರಡು ತಿಂಗಳೊಳಗೆ 10,000 ಪೌಂಡುಗಳಷ್ಟು ಹಣವು ಕೂಡಿತು. ಇನ್ನು ಸಾಕೆಂದು ಜನರಿಗೆ ಹೇಳಬೇಕಾಯಿತಂತೆ. ಕೇರಿಯವರು ಮೊದಲಿನಿಂದ ಕುಳಿತು ಬರೆದರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು.

ಇಷ್ಟು ಹೇಳಿ ನಾನು ಸ್ವಲ್ಪ ಹೆಮ್ಮೆಯಿಂದಲೇ ಉಪಾಧ್ಯಾಯರ ಮುಖವನ್ನು ನೋಡಿದೆನು. ಅವರು ಮೆಲ್ಲನೆ, “ಅಯ್ಯಾ, ಕಾಗದ ಸುಟ್ಟರೆ ಮತ್ತೆ ಬರೆಯಬಹುದು. ನನ್ನ ಮಗನನ್ನು ಎಲ್ಲಿಂದ ಬರೆಯಲಿ?” ಎಂದರು.

ವಾಚಕರೇ, ನಮ್ಮ ಸಾಕ್ಷಿಕಥೆಗಳಲ್ಲಿ ಬಹಳವು ಈ ಪ್ರಶ್ನೆಯ ಮುಂದೆ ಬಿದ್ದುಹೋಗುತ್ತವೆ. ಹಣ ಹೋಯಿತು, ಹಣ ಬಂತು. ಕೆಲಸ ಹೋಯಿತು, ಇನ್ನೂ ಒಳ್ಳೆಯ ಕೆಲಸ ಸಿಕ್ಕಿತು. ಆದಕಾರಣ ದೇವರನ್ನು ನಂಬಿರಿ, ಎನ್ನುತ್ತೇವೆ. ಹಿಂದಿರುಗಿ ಬಾರದುದನ್ನು ಕಳಕೊಂಡವರು ಆ ಕಥೆಯನ್ನು ಕೇಳಿ ಏನು ಮಾಡಬೇಕು? ನಂಬಿಕೆಯನ್ನು ಲಾಭದ ಲೆಕ್ಕದ ಮೇಲೆ ನಿಲ್ಲಿಸಿದವರು ನಷ್ಟದ ದಿನದಲ್ಲಿ ಅದನ್ನು ಕಳಕೊಂಡರೆ ಆಶ್ಚರ್ಯವೇನು? ತಪ್ಪು ಅವರದಕ್ಕಿಂತ, ಹಾಗೆ ಕಲಿಸಿದ ನಮ್ಮದೇ ಹೆಚ್ಚು.

ಆದುದರಿಂದ ಕೇರಿಯವರ ಚರಿತ್ರೆಯಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗವನ್ನು ಅವರಿಗೆ ಹೇಳಬೇಕಾಯಿತು.

ಬೆಂಕಿಗೆ ಹದಿನೆಂಟು ವರ್ಷ ಮುಂಚೆ, 1794ರಲ್ಲಿ, ಕೇರಿಯವರು ಉತ್ತರ ವಂಗದ ಮುದನಾಬಾಟಿ ಎಂಬ ಹಳ್ಳಿಯಲ್ಲಿ ನೀಲಿಯ ಕಾರ್ಖಾನೆಯ ಮೇಲ್ವಿಚಾರಕರಾಗಿದ್ದಾಗ, ಐದು ವರ್ಷದ ಅವರ ಮಗ ಪೀಟರನು ತೀರಿಕೊಂಡನು. ತಂದೆಯೂ ಜ್ವರದಿಂದ ಎದ್ದಿದ್ದ ಸಮಯ. ಜಾತಿಯ ಭಯದಿಂದ ಕುಣಿ ತೋಡುವುದಕ್ಕೆ ಯಾರೂ ಒಪ್ಪದೆ, ಕಡೆಗೆ ಮುಸಲ್ಮಾನರು ನಾಲ್ವರು ತೋಡಿದರು. ಹೊರುವವರು ಸಿಕ್ಕದಿರಲು ತಂದೆತಾಯಿಗಳೇ ಮಗುವಿನ ಶವವನ್ನು ಒಯ್ಯುವುದೆಂದು ನಿಶ್ಚಯಿಸಿದ್ದರು. ಅಷ್ಟರಲ್ಲಿ ಜಾತಿಗೆಟ್ಟ ಒಬ್ಬ ಹುಡುಗನೂ ಮನೆಯ ಝಾಡಮಾಲಿಯೂ ಮುಂದೆ ಬಂದು ಹೊತ್ತರು.

ತಾಯಿ ಡೊರೊಥಿಯಮ್ಮನವರು ಮರುವರ್ಷದಿಂದ ಬುದ್ಧಿಭ್ರಮಣೆಗೊಳಗಾದರು. ಹಿಂದೂಸ್ಥಾನಕ್ಕೆ ಬರಲು ಆಕೆಗೆ ಮೊದಲು ಮನಸ್ಸಿರಲಿಲ್ಲ. ತಂಗಿಯು ಜೊತೆಗೆ ಬರುವಳೆಂದ ಮೇಲೆ ಒಪ್ಪಿ ಹೊರಟವರು. ಕೇರಿಯವರ ಹೊಗಳಿಕೆಯನ್ನು ಬರೆಯುವವರು ಆಕೆಯನ್ನು ಅಡ್ಡಿಯೆಂಬಂತೆ ಒಂದೆರಡು ವಾಕ್ಯಗಳಲ್ಲಿ ಮುಗಿಸುವುದುಂಟು. ಇದು ನ್ಯಾಯವಲ್ಲ. ಗಂಡನು ಆರಿಸಿಕೊಂಡ ಶಿಲುಬೆಯನ್ನು ಹೆಂಡತಿಯು ಆರಿಸದೆಯೇ ಹೊತ್ತಳು. ಹನ್ನೆರಡು ವರ್ಷಗಳ ಕಾಲ ಆಕೆ ಗುಣವಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆಯ ಕೂಗು ಕೇಳುತ್ತಿರಲು ಇತ್ತ ಭಾಷಾಂತರವು ಸಾಗುತ್ತಿತ್ತು. 1807ನೆಯ ಡಿಸೆಂಬರಿನಲ್ಲಿ ಆಕೆ ಹಾಗೆಯೇ ತೀರಿಕೊಂಡರು. ಆ ಹನ್ನೆರಡು ವರ್ಷಗಳ ಪ್ರಾರ್ಥನೆಗೆ, ಕಣ್ಣಿಗೆ ಕಾಣುವ ಉತ್ತರವೇನೂ ಬರಲಿಲ್ಲ.

ಬಂದಿಳಿದ ಹೊಸದರಲ್ಲಿ ಹಣವಿಲ್ಲದೆ, ಸ್ನೇಹಿತರಿಲ್ಲದೆ, ಮನೆಯವರ ದೂರನ್ನು ಕೇಳುತ್ತ ಅಲೆದಾಡಿದ ದಿನಗಳಲ್ಲಿ ಕೇರಿಯವರು ತಮ್ಮ ದಿನಚರಿಯಲ್ಲಿ ತಮ್ಮ ಮನಸ್ಸಿನ ಕತ್ತಲೆಯನ್ನೂ ಜಡತ್ವವನ್ನೂ ಮುಚ್ಚಿಡದೆ ಬರೆದುಕೊಂಡಿದ್ದಾರೆ. ದೇವರು ಇದ್ದಾನೆ, ಆತನ ಮಾತು ತಪ್ಪದು, ಎಂಬ ಅಷ್ಟನ್ನೇ ಹಿಡಿದುಕೊಂಡು ಮುಂದೆ ನಡೆದರು. ಏಳು ವರ್ಷಗಳ ಕಾಲ ವಂಗದೇಶದವರಲ್ಲಿ ಒಬ್ಬರೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. 1800ನೆಯ ಡಿಸೆಂಬರ್ 28ರಂದು ಕೃಷ್ಣಪಾಲನೆಂಬ ಬಡಗಿಯು ಶ್ರೀರಾಮಪುರದಲ್ಲಿ ಗಂಗೆಯ ನೀರಿಗೆ ಇಳಿದಾಗ, ಆ ಸಂತೋಷದ ದಿನದಲ್ಲಿಯೂ ಡೊರೊಥಿಯಮ್ಮನವರು ಕೋಣೆಯೊಳಗೆ ಇರಿಸಲ್ಪಟ್ಟಿದ್ದರು.

ಸುಟ್ಟುಹೋದ ಕಾಗದವಾದರೂ ಎಲ್ಲವೂ ಹಿಂದಿರುಗಿತೇ? ಆ ಮಹಾನಿಘಂಟು ಅದರ ರೂಪದಲ್ಲಿ ಮತ್ತೆ ಬೆಳಕನ್ನು ಕಾಣಲಿಲ್ಲ. ಇನ್ನೂ ಒಂದು ಮಾತು. ನಮ್ಮ ಮನೆಗಳಲ್ಲಿರುವ ಕನ್ನಡ ಸತ್ಯವೇದವು ಕೇರಿಯವರ ಭಾಷಾಂತರದಿಂದ ಬಂದುದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬವರೂ ಅವರ ಸಂಗಡಿಗರೂ ತೊಡಗಿದ ಕೆಲಸದ ದಾರಿಯಲ್ಲಿ, ಮುಂದಿನವರ ಕೈಯಿಂದ ತಿದ್ದಿಸಿಕೊಳ್ಳುತ್ತ ಬಂದುದು. ಹೀಗೆ ಕೇರಿಯವರು ಕನ್ನಡಕ್ಕಾಗಿ ಎರಡು ಸಾರಿ ಪಟ್ಟ ಶ್ರಮದ ಫಲವನ್ನು ನಾವು ಕೈಯಲ್ಲಿ ಹಿಡಿದು ತೋರಿಸಲಾರೆವು. ಲಾಭದ ಲೆಕ್ಕವು ಇಲ್ಲಿ ಮುರಿದುಬೀಳುತ್ತದೆ. ಆದರೂ ಆ ಮನುಷ್ಯನು 1834ರಲ್ಲಿ ಸಾಯುವ ತನಕ ದೇವರೊಡನೆ ಮಾತು ಬಿಡಲಿಲ್ಲ.

ಉಪಾಧ್ಯಾಯರು ಇದನ್ನು ಕೇಳುತ್ತ ಪೀಟರನ ಶವಸಂಸ್ಕಾರದ ಸಂಗತಿಯನ್ನು ಎರಡು ಸಾರಿ ಹೇಳಿಸಿಕೊಂಡರು. ಆಮೇಲೆ, “ಹಾಗಾದರೆ ನನ್ನ ಸಂಶಯವು ಪಾಪವೋ ಅಲ್ಲವೋ, ಅದನ್ನು ಹೇಳಿರಿ,” ಎಂದರು.

ನಾನು ಪಂಡಿತನಲ್ಲ. ಆದರೆ ಸುವಾರ್ತೆಯಲ್ಲಿ ಓದಿದುದನ್ನು ಹೇಳಬಲ್ಲೆನು. ಸ್ನಾನಿಕನಾದ ಯೋಹಾನನು ಯೊರ್ದನಿನ ದಡದಲ್ಲಿ ಯೇಸುಸ್ವಾಮಿಯನ್ನು ಬೆರಳಿಟ್ಟು ತೋರಿಸಿದವನು. ಅವನೇ ಸೆರೆಮನೆಯ ಕತ್ತಲೆಯಲ್ಲಿ ಬಿದ್ದಿದ್ದಾಗ, ಬರತಕ್ಕವನು ನೀನೋ ಅಥವಾ ನಾವು ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿಕಳುಹಿಸಿದನು. ಸ್ವಾಮಿಯು ಅವನನ್ನು ಗದರಿಸಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಅವನಿಗೆ ಹೋಗಿ ತಿಳಿಸಿರೆಂದು ಶಿಷ್ಯರನ್ನು ಕಳುಹಿಸಿ, ಅವರು ಹೋದ ಮೇಲೆ ಜನರ ಮುಂದೆ ಅವನನ್ನು ಹೊಗಳಿದನು. ಸೆರೆಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಈ ಸಂಗತಿಯಲ್ಲಿ ನನ್ನ ಮನಸ್ಸನ್ನು ಹಿಡಿಯುವುದು ಒಂದೇ: ಯೋಹಾನನು ತನ್ನ ಸಂಶಯವನ್ನು ಹೆರೋದನ ಆಸ್ಥಾನಕ್ಕೆ ಕಳುಹಿಸಲಿಲ್ಲ, ಮನಸ್ಸಿನಲ್ಲಿಯೇ ಇಟ್ಟು ಕೊಳೆಯಿಸಲಿಲ್ಲ, ಯಾವನ ವಿಷಯದಲ್ಲಿ ಸಂಶಯವೋ ಅವನ ಬಳಿಗೇ ಕಳುಹಿಸಿದನು. ದೇವರನ್ನು ದೇವರ ಮುಂದೆಯೇ ಪ್ರಶ್ನಿಸುವವನು ಇನ್ನೂ ಮನೆಯೊಳಗೇ ಇದ್ದಾನೆ. ಜಗಳವಾಡುವ ಮಗನೂ ಮಗನೇ.

“ಆದರೆ ನನಗೆ ಮಾತೇ ಬರುವುದಿಲ್ಲವಲ್ಲ!” ಎಂದರು ಉಪಾಧ್ಯಾಯರು.

“ಮೇಷ್ಟರೇ, ಸ್ವಂತ ಮಾತು ಬಾರದಿದ್ದರೆ ಎರವಲು ತನ್ನಿ. ಎಂಬತ್ತೆಂಟನೆಯ ಕೀರ್ತನೆಯನ್ನು ಓದಿರಿ,” ಎಂದೆನು.

ಆ ಕೀರ್ತನೆಯನ್ನು ನಾವು ಸಭೆಯಲ್ಲಿ ಓದುವುದು ಅಪರೂಪ. ದುಃಖದ ಕೀರ್ತನೆಗಳು ಬೇರೆ ಅನೇಕ ಇದ್ದರೂ ಅವುಗಳಲ್ಲಿ ಸಾಮಾನ್ಯವಾಗಿ ಕಡೆಗೆ ಒಂದು ತಿರುವು ಬಂದು, ಸ್ತೋತ್ರದ ಮಾತು ಕೇಳಿಸುತ್ತದೆ. ಇದರಲ್ಲಿ ಅದೂ ಇಲ್ಲ. ಆರಂಭದಲ್ಲಿ ರಕ್ಷಿಸುವ ದೇವರೇ ಎಂದು ಕರೆದದ್ದು ಒಂದೇ ಬೆಳಕು. ಆಮೇಲೆ ಗೋರಿ, ಮರೆವು, ದೂರವಾದ ಸ್ನೇಹಿತರು, ಉತ್ತರವಿಲ್ಲದ ಕೂಗು. ಕಡೆಯ ಮಾತು ಕತ್ತಲೆ. ಸತ್ಯವೇದವನ್ನು ಕೂಡಿಸಿದ ಹಿರಿಯರು ಇದನ್ನು ತೆಗೆದುಹಾಕಲಿಲ್ಲ, ಕೊನೆಗೆ ಒಂದು ಸಮಾಧಾನದ ವಾಕ್ಯವನ್ನು ಅಂಟಿಸಲೂ ಇಲ್ಲ. ಇಂಥ ಸಂಜೆಗಳು ನಮ್ಮ ಮನೆಗಳಲ್ಲಿ ಬರುವುವೆಂದು ಅವರು ಬಲ್ಲವರಾಗಿದ್ದರು.

ಉಪಾಧ್ಯಾಯರು ಏನೂ ಹೇಳದೆ ಎದ್ದುಹೋದರು. ನಾನು ಬೇಡದ ಮಾತನ್ನಾಡಿದೆನೋ ಎಂದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹತ್ತು ದಿನಗಳಾದ ಮೇಲೆ ನಾನೇ ಅವರ ಮನೆಗೆ ಹೋದೆನು. ದೀಪ ಹಚ್ಚುವ ಹೊತ್ತು. ನನ್ನನ್ನು ಕಂಡು ಅವರು ಬೆಂಚಿನ ಮೇಲೆ ಸ್ಥಳಮಾಡಿಕೊಟ್ಟು, ಮೊಮ್ಮಗನನ್ನು ಕರೆದು, ಗೂಡಿನಲ್ಲಿದ್ದ ಪುಸ್ತಕವನ್ನು ತರಹೇಳಿದರು. ಸೊಸೆಯು ಒಲೆಯ ಮೇಲಿನ ಪಾತ್ರೆಯನ್ನಿಳಿಸಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಬಂದು ಕುಳಿತಳು. ಹುಡುಗನು ಎಂಬತ್ತೆಂಟನೆಯ ಕೀರ್ತನೆಯನ್ನು ಬೆರಳಿಟ್ಟು ಓದಿದನು. ಕಷ್ಟವಾದ ಮಾತುಗಳಲ್ಲಿ ತಡವರಿಸಿದರೆ ತಾತನು ಎತ್ತಿಕೊಡುತ್ತಿದ್ದರು. ಕಡೆಯ ವಾಕ್ಯವಾದ ಮೇಲೆ ಹುಡುಗನು ಹಾಳೆಯನ್ನು ತಿರುವಿ ನೋಡಿ, “ತಾತಾ, ಇಲ್ಲಿಗೇ ಮುಗಿಯಿತೇ? ಹಾಳೆ ಹರಿದುಹೋಗಿದೆಯೇ?” ಎಂದು ಕೇಳಿದನು.

“ಇಲ್ಲ ಮಗೂ, ಅಷ್ಟೇ ಇರುವುದು,” ಎಂದರು ಅವರು.

ಎಲ್ಲರೂ ಮೊಣಕಾಲೂರಿದೆವು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಸೊಸೆಯು ಮೆಲ್ಲನೆಯ ಧ್ವನಿಯಲ್ಲಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಆರಂಭಿಸಿದಳು. ಹುಡುಗನು ಜೊತೆಗೂಡಿದನು. ನಡುವೆ ಎಲ್ಲಿಯೋ ಉಪಾಧ್ಯಾಯರ ಧ್ವನಿಯೂ ಸೇರಿತು.