‘ತಡೆದದ್ದು’ ಎಂದರೇನು?

ಮೊನ್ನೆ ಒಂಬತ್ತನೇ ತರಗತಿಗೆ ಹೋದಾಗ ಒಂದೇ ಬೆಂಚಿನ ಇಬ್ಬರು ಹುಡುಗರು ಮುಖ ತಿರುಗಿಸಿಕೊಂಡು ಕುಳಿತಿದ್ದರು. ವಿಚಾರಿಸಿದರೆ, ಜಗಳ ಎಲ್ಲೋ ದೂರದೇಶದ ಯುದ್ಧದ ಬಗ್ಗೆ! ಇಬ್ಬರಿಗೂ ಮನೆಯವರ ಮೊಬೈಲಿನಲ್ಲಿ ಕಂಡ ವಿಡಿಯೊಗಳೇ ಸಾಕ್ಷಿ. ಗದರಿಸಲು ನನಗೆ ಬಾಯಿ ಬರಲಿಲ್ಲ. ನಾನೂ ಒಮ್ಮೆ ಹಾಗೆ ಕುಳಿತಿದ್ದವನೇ.

ಆಗ ನಾನು ಬಿಎಸ್ಸಿ ವಿದ್ಯಾರ್ಥಿ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. 1991ರ ಜನವರಿ 17ರಂದು ಅಮೆರಿಕ ಮತ್ತು ಮಿತ್ರಪಡೆಗಳ ವಾಯುದಾಳಿ ಆರಂಭವಾಯಿತು. ಹಾಸ್ಟೆಲಿನಲ್ಲಿ ಸದ್ದಾಂ ಪಕ್ಷ, ಬುಷ್ ಪಕ್ಷ ಎಂದು ಎರಡಾಯಿತು. ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯುವ ಪೇಟ್ರಿಯಟ್ ಕ್ಷಿಪಣಿಗೆ ಮರುಳಾಗಿ ನಾನು ಬುಷ್ ಪಕ್ಷ ಸೇರಿದೆ. ಫೆಬ್ರವರಿ 15ರಂದು ಅಧ್ಯಕ್ಷ ಬುಷ್, ಎದುರಿಸಿದ 42 ಸ್ಕಡ್‌ಗಳಲ್ಲಿ 41ನ್ನು ಪೇಟ್ರಿಯಟ್ ತಡೆದಿದೆ ಎಂದರು. ನಾನು ಭಾಗಾಕಾರ ಮಾಡಿ ‘ಶೇ. 97.6’ ಎಂದು ಗೋಡೆಯ ಮೇಲೆ ಬರೆದೆ.

ಕುಂದಾಪುರದ ಗೆಳೆಯನೊಬ್ಬ ಅದನ್ನು ನೋಡಿ, “ತಡೆದದ್ದು ಅಂದ್ರೆ ಎಂತ ಮಾರಾಯ? ಸಿಡಿತಲೆ ಎಲ್ಲಿ ಬಿತ್ತು?” ಎಂದ. ಅವನ ಅಣ್ಣ ಕುವೈತಿನಿಂದ ಅಮ್ಮಾನ್ ಮೂಲಕ ಒಂದು ಚೀಲ ಹಿಡಿದು ಊರಿಗೆ ಬಂದಿದ್ದರು. ಅಂಥವನನ್ನು ನಾನು ಎಲ್ಲರೆದುರು ‘ಸದ್ದಾಂ ಕಡೆಯವನು’ ಎಂದುಬಿಟ್ಟೆ. ಪರೀಕ್ಷೆ ಮುಗಿಯುವವರೆಗೂ ಅವನು ನನ್ನೊಡನೆ ಮಾತಾಡಲಿಲ್ಲ.

ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಸೈನಿಕರ ವಸತಿಯ ಮೇಲೆ ಸ್ಕಡ್ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ಅಲ್ಲಿದ್ದ ಪೇಟ್ರಿಯಟ್ ಹಾರಲೇ ಇಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲಾಗದು. ಈ ಸಣ್ಣ ತಪ್ಪು ಸತತ 100 ಗಂಟೆಗಳಲ್ಲಿ ಬೆಳೆದು, ಗಣಕದ ಗಡಿಯಾರ ಸುಮಾರು ಮೂರನೇ ಒಂದು ಸೆಕೆಂಡು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ.

ಯುದ್ಧಾನಂತರ ಎಂಐಟಿಯ ವಿಜ್ಞಾನಿ ಥಿಯೋಡರ್ ಪೋಸ್ಟಲ್ ಟಿವಿ ಚಿತ್ರಗಳನ್ನೇ ಪರೀಕ್ಷಿಸಿ ಪೇಟ್ರಿಯಟ್‌ನ ಯಶಸ್ಸನ್ನು ಪ್ರಶ್ನಿಸಿದರು. ಅಮೆರಿಕದ ಸೇನೆ ತನ್ನ ಅಂಕಿಗಳನ್ನು ಸೌದಿಯಲ್ಲಿ ಶೇ. 70, ಇಸ್ರೇಲಿನಲ್ಲಿ ಶೇ. 40ಕ್ಕೆ ಇಳಿಸಿತು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು 1992ರಲ್ಲಿ, ಸಿಡಿತಲೆ ನಾಶವಾಯಿತು ಎನ್ನಲು ಬಲವಾದ ಪುರಾವೆ ಇರುವುದು ಸುಮಾರು ಶೇ. 9ರಷ್ಟು ಪ್ರಕರಣಗಳಲ್ಲಿ ಮಾತ್ರ ಎಂದರು. ಹಾಗಾದರೆ ‘ತಡೆದದ್ದು’? ಎರಡು ಕ್ಷಿಪಣಿಗಳ ದಾರಿ ಆಕಾಶದಲ್ಲಿ ಹಾದುಹೋಯಿತು ಎಂದಷ್ಟೇ ಅದರರ್ಥ ಎಂದು ಸೇನಾಧಿಕಾರಿಯೊಬ್ಬರು ವಿವರಿಸಿದರು! ಗೆಳೆಯ ಕೇಳಿದ್ದೂ ಅದನ್ನೇ.

ಅಂದಮಾತ್ರಕ್ಕೆ ಎದುರು ಪಕ್ಷದ್ದು ಸತ್ಯವೇ? ಅಲ್ಲ. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಟಿವಿಯಲ್ಲಿ ಬ್ರಿಟಿಷ್ ಬಾಲಕನೊಬ್ಬನ ತಲೆ ಸವರಿದರು. ಒತ್ತೆ ಇಟ್ಟುಕೊಂಡಿದ್ದ ವಿದೇಶೀಯರನ್ನು ಇರಾಕ್ ‘ಅತಿಥಿಗಳು’ ಎಂದು ಕರೆಯಿತು. ಮನೆಗೆ ಹೋಗಲು ಬಿಡದವನು ಎಂಥ ಆತಿಥೇಯ?

ಇನ್ನೊಂದು ಎಚ್ಚರ. ಎರಡೂ ಕಡೆ ಸುಳ್ಳಿದೆ ಎಂದು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದೂ ಸೋಮಾರಿತನವೇ. ಪೇಟ್ರಿಯಟ್ ಲೆಕ್ಕ ತಪ್ಪಾದರೂ ಕುವೈತಿನ ಮೇಲೆ ನುಗ್ಗಿದ್ದು ಇರಾಕೇ. ಒಂದೊಂದು ಮಾತನ್ನೂ ಬೇರೆಬೇರೆಯಾಗಿ ತೂಗಬೇಕು.

ಪ್ರಯೋಗಶಾಲೆಯಲ್ಲಿ ಫಲಿತಾಂಶ ಬರೆಯುವ ಮೊದಲು ಏನನ್ನು ಅಳೆದೆವು, ಹೇಗೆ ಅಳೆದೆವು ಎಂದು ಬರೆಯುತ್ತೇವಲ್ಲ? ಯುದ್ಧದ ಸುದ್ದಿಗೂ ಅದೇ ಕ್ರಮವಿರಲಿ: ಈ ಪದದ ಅರ್ಥವೇನು? ಅಳೆದವರು ಯಾರು? ನಂಬಿದರೆ ಯಾರಿಗೆ ಲಾಭ? ಪಾಲಕರೇ, ಊಟದ ಹೊತ್ತಿಗೆ ಮಗು ಇಂಥದ್ದನ್ನು ಕೇಳಿದರೆ ‘ನೀನು ಯಾರ ಕಡೆ?’ ಎಂದು ಮಾತ್ರ ತಿರುಗಿ ಕೇಳಬೇಡಿ. ಆ ಒಂದು ಮಾತಿನಿಂದ ನಾನು ಒಳ್ಳೆಯ ಗೆಳೆಯನನ್ನು ಒಂದು ವರ್ಷದ ಮಟ್ಟಿಗೆ ಕಳೆದುಕೊಂಡೆ.

ಆ ಇಬ್ಬರು ಹುಡುಗರಿಗೆ ಒಂದೇ ಕೆಲಸ ಕೊಟ್ಟಿದ್ದೇನೆ: ತಾನು ನಂಬಿದ ವಿಡಿಯೊದಲ್ಲಿನ ಒಂದು ತಪ್ಪನ್ನು ತಾನೇ ಹುಡುಕಿ ತರಬೇಕು. ಸೋಮವಾರ ನೋಡೋಣ.