ದಡ ಬಿಟ್ಟ ಉಗಿದೋಣಿ

ಲಂಡನ್ ನಗರದ ಪೂರ್ವಭಾಗದಲ್ಲಿ ವಿಕ್ಟೋರಿಯಾ ಪಾರ್ಕ್ ಎಂಬ ವಿಶಾಲವಾದ ಉದ್ಯಾನವೊಂದುಂಟು. ಕಾರ್ಖಾನೆಗಳ ಹೊಗೆಯ ನಡುವೆ, ಇಕ್ಕಟ್ಟಾದ ಬೀದಿಗಳಲ್ಲಿ ಬಾಳುತ್ತಿದ್ದ ಆ ಭಾಗದ ಜನರು ತಮಗೂ ಒಂದಿಷ್ಟು ಹಸಿರು ಬೇಕೆಂದು 1840ರಲ್ಲಿ ವಿಕ್ಟೋರಿಯಾ ರಾಣಿಗೆ ಮನವಿ ಸಲ್ಲಿಸಿದರು. ಅದಕ್ಕೆ ಸಹಿ ಹಾಕಿದವರು ಮೂವತ್ತು ಸಾವಿರ ಮಂದಿ. 1845ರಲ್ಲಿ ಉದ್ಯಾನವು ಜನರಿಗೆ ತೆರೆಯಿತು. ಅಲ್ಲಿಯ ಕೆರೆಗಳಲ್ಲೊಂದು ಮನುಷ್ಯರು ಕುಳಿತು ಸಾಗುವ ದೋಣಿಗಳಿಗಲ್ಲ, ಕಂಕುಳಲ್ಲಿ ಎತ್ತಿಕೊಂಡು ಬರಬಹುದಾದ ಮಾದರಿ ದೋಣಿಗಳಿಗೆ ಸಲ್ಲುವಂಥದು. ಆ ಕೆರೆಯ ದಡದಲ್ಲಿ 1904ರಲ್ಲಿ ಹುಟ್ಟಿದ ಮಾದರಿ ಉಗಿದೋಣಿಗಳ ಸಂಘವು ಶತಮಾನವನ್ನು ದಾಟಿ ಬಾಳಿದೆ. ನರೆತ ತಲೆಯ ಹಿರಿಯರೊಬ್ಬರು ಮೊಣಕಾಲೂರಿ ಕುಳಿತು, ಅಂಗೈಯಗಲದ ಬಾಯ್ಲರಿನ ಕೆಳಗೆ ಸ್ಪಿರಿಟ್ ದೀಪವನ್ನು ಹೊತ್ತಿಸಿ, ಉಗಿ ಏರುವವರೆಗೆ ಸುಮ್ಮನೆ ಕಾಯುವ ನೋಟ ಅಲ್ಲಿ ಹೊಸತಲ್ಲ.

ಇದೇನು, ಪ್ರಾಯ ಸಂದವರಿಗೆ ಆಟಿಕೆಯ ಹುಚ್ಚೇ ಎಂದು ಓದುಗರು ನಗಬಹುದು. ನಗುವ ಮುನ್ನ ಒಂದು ಮಾತನ್ನು ನೆನೆಯಬೇಕು. ಪರ್ಸಿವಲ್ ಮಾರ್ಷಲ್ ಎಂಬುವರು 1898ರಲ್ಲಿ ಇಂಗ್ಲೆಂಡಿನಲ್ಲಿ 'ಮಾಡೆಲ್ ಎಂಜಿನಿಯರ್' ಪತ್ರಿಕೆಯನ್ನು ಆರಂಭಿಸಿದರು. ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಅರ, ಗರಗಸ, ಪುಟ್ಟ ಲೇತ್ ಯಂತ್ರ ಇಟ್ಟುಕೊಂಡು ನಿಜವಾದ ಯಂತ್ರವನ್ನೇ ಚಿಕ್ಕದಾಗಿ ಕಟ್ಟುವವರಿಗಾಗಿ ಮೀಸಲಾದ ಪತ್ರಿಕೆ ಅದು. ಅವರು ಕಟ್ಟಿದ್ದು ಆಟಿಕೆಯನ್ನಲ್ಲ. ಅಳತೆಯಲ್ಲಿ ಕಿರಿದಾದ, ಗುಣದಲ್ಲಿ ಕಿರಿದಾಗದ ಯಂತ್ರವನ್ನು. ವಿಚಿತ್ರವೆಂದರೆ ಅದೇ 1898ರಲ್ಲಿಯೇ ನಿಕೋಲಾ ಟೆಸ್ಲಾ ಅವರು ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ದೂರದಲ್ಲಿ ನಿಂತೇ ನಡೆಸುವ ಪುಟ್ಟ ದೋಣಿಯೊಂದನ್ನು ಪ್ರದರ್ಶಿಸಿ ಜನರನ್ನು ಬೆರಗುಗೊಳಿಸಿದರು. ಅದು ಬ್ಯಾಟರಿಯ ದೋಣಿ. ಇಂದು ಅಂಗಡಿಗಳಲ್ಲಿ ದೊರೆಯುವ ರಿಮೋಟ್ ದೋಣಿಗಳೆಲ್ಲ ಅದರ ಸಂತತಿಯೇ. ಆದರೂ ನಮ್ಮ ಮನಸ್ಸು ಒಲಿಯುವುದು ಹಳೆಯ ಪದ್ಧತಿಗೆ, ಕೈಯಿಂದ ಬಿಟ್ಟ ಮೇಲೆ ಯಾರ ಅಂಕೆಗೂ ಸಿಗದೆ ತಾನಾಗಿ ಸಾಗುವ ಉಗಿದೋಣಿಗೆ.

ಈ ಪದ್ಧತಿಯಲ್ಲಿ ಒಂದು ಸ್ಪರ್ಧೆಯುಂಟು. ಕೆರೆಯ ಆಚೆಯ ದಡದ ಬಳಿ ಸಾಲಾಗಿ ಕಂಬಗಳನ್ನು ನೆಟ್ಟಿರುತ್ತಾರೆ. ಈಚೆಯ ದಡದಿಂದ ಬಿಟ್ಟ ದೋಣಿ ನೇರವಾಗಿ ಸಾಗಿ ನಟ್ಟನಡುವಿನ ಎರಡು ಕಂಬಗಳ ನಡುವೆ ತೂರಿದರೆ ಹೆಚ್ಚಿನ ಅಂಕ. ಪಕ್ಕದ ಸಂದಿನಲ್ಲಿ ಹೋದರೆ ಕಡಿಮೆ. ಹೊರಗೆ ಹೋದರೆ ಸೊನ್ನೆ. ಕೇಳಲು ಸುಲಭ. ಆದರೆ ಹಿಂಬದಿಯ ತಿರುಗಣೆ ಒಂದೇ ದಿಕ್ಕಿಗೆ ತಿರುಗುವುದರಿಂದ ದೋಣಿಯು ಒಂದು ಪಕ್ಕಕ್ಕೆ ಸೆಳೆಯುತ್ತದೆ. ಅದಕ್ಕೆ ತಕ್ಕಂತೆ ಚುಕ್ಕಾಣಿಯನ್ನು ಕೂದಲೆಳೆಯಷ್ಟು ಓರೆಯಿಟ್ಟು ಬಿಗಿಯಬೇಕು. ಗಾಳಿ ಎತ್ತಣಿಂದ ಬೀಸುತ್ತಿದೆ ಎಂಬುದನ್ನು ನೀರಿನ ಮೇಲಿನ ಸುಕ್ಕು ನೋಡಿ ಅರಿಯಬೇಕು. ಭಾರವೆಲ್ಲ ತಳದಲ್ಲಿರುವಂತೆ ಬಾಯ್ಲರನ್ನು ತಗ್ಗಿಸಿ ಕೂರಿಸಬೇಕು. ಇವೆಲ್ಲವೂ ದಡದಲ್ಲಿಯೇ ಮುಗಿಯಬೇಕಾದ ಕೆಲಸಗಳು. ದೋಣಿ ಕೈಬಿಟ್ಟ ಮೇಲೆ ದಡದಲ್ಲಿ ನಿಂತವರು ಎಷ್ಟು ಕೂಗಿದರೂ ಅದು ಕೇಳುವುದಿಲ್ಲ. ಮಕ್ಕಳನ್ನು ಬೆಳೆಸಿ ಪರವೂರಿಗೆ ಕಳುಹಿಸಿದ ತಂದೆತಾಯಿಯರಿಗೆ ಈ ಮಾತನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯಂತ್ರದ ಮಾತು. ನೀರು ಕುದಿದು ಉಗಿಯಾದಾಗ ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಒಂದು ಲೋಟ ನೀರು ಸಾವಿರದ ಆರುನೂರು ಲೋಟಗಳ ಜಾಗವನ್ನು ಬೇಡುತ್ತದೆ ಎಂದರೆ ಅದರ ಬಲ ಎಂಥದೆಂಬುದು ಅರಿವಾದೀತು. ಪುಟ್ಟ ದೋಣಿಗಳಲ್ಲಿ ಹೆಚ್ಚಾಗಿ ಇರುವುದು ತೊಟ್ಟಿಲಿನಂತೆ ತೂಗುವ ಸಿಲಿಂಡರ್. ಅಚ್ಚು ತಿರುಗಿದಂತೆ ಸಿಲಿಂಡರ್ ಅತ್ತಿತ್ತ ತೂಗುತ್ತದೆ. ಒಂದು ಕಡೆ ತೂಗಿದಾಗ ಅದರ ರಂಧ್ರವು ಉಗಿ ಬರುವ ರಂಧ್ರಕ್ಕೆ ಎದುರಾಗುತ್ತದೆ, ಮತ್ತೊಂದು ಕಡೆ ತೂಗಿದಾಗ ಉಗಿ ಹೊರಹೋಗುವ ರಂಧ್ರಕ್ಕೆ. ಬೇರೆ ಕವಾಟವೇ ಬೇಡ. ಎಣ್ಣೆ ಹಾಕುವ ಏರ್ಪಾಡಂತೂ ನಮಗೆ ಎಲ್ಲಕ್ಕಿಂತ ಮೆಚ್ಚು. ಎಣ್ಣೆ ತುಂಬಿದ ಪುಟ್ಟ ಬಟ್ಟಲಿಗೆ ಉಗಿಯು ಸ್ವಲ್ಪಸ್ವಲ್ಪವಾಗಿ ಹೊಕ್ಕು, ತಣಿದು, ನೀರಾಗಿ ತಳಕ್ಕಿಳಿಯುತ್ತದೆ. ಇಳಿದ ನೀರಿನಷ್ಟೇ ಎಣ್ಣೆ ಮೇಲೆದ್ದು ಉಗಿಯೊಡನೆ ಸಿಲಿಂಡರಿಗೆ ಹೋಗುತ್ತದೆ. ಯಾರೂ ಹನಿಸಬೇಕಾಗಿಲ್ಲ.

ಸಾಗರದಾಚೆಯಿಂದ ಬಂದ ಮಗನೊಬ್ಬ ತನ್ನ ಅಣ್ಣನ ಮಗುವಿಗೆಂದು ಇಂಥದೊಂದು ಉಗಿದೋಣಿಯನ್ನು ತಂದನೆಂದೂ, ಬೆಂಕಿ, ಕುದಿನೀರು, ಕೆರೆ ಮೂರೂ ಒಟ್ಟಿಗೆ ಸೇರಿದ ಆಟ ಮಗುವಿಗೆ ತಕ್ಕದೇ ಎಂದು ಮನೆಯ ಅಜ್ಜಿಯವರು ಅದನ್ನು ಅಟ್ಟಕ್ಕೇರಿಸಿದರೆಂದೂ ಪರಿಚಯದ ಮನೆಯೊಂದರಿಂದ ಕೇಳಿಬಂದಿತು. ನಮ್ಮ ಅಭಿಪ್ರಾಯವನ್ನೂ ಕೇಳಿದರು. ಅಜ್ಜಿಯವರ ಭಯ ಅಕಾರಣವಾದುದಲ್ಲ. ಆದರೆ ಅವರು ದಿನವೂ ಒಲೆಯ ಮೇಲಿಡುವ ಪ್ರೆಷರ್ ಕುಕ್ಕರಿಗೂ ಈ ಬಾಯ್ಲರಿಗೂ ಒಂದೇ ಧರ್ಮ. ನೀರಿಲ್ಲದೆ ಕುಕ್ಕರನ್ನು ಒಲೆಗೇರಿಸಿದರೆ ಏನಾಗುವುದೆಂದು ಅವರಿಗೆ ಹೇಳಿಕೊಡುವವರಾರು?

ಉಗಿದೋಣಿಯ ಮೊದಲ ನಿಯಮವೂ ಅದೇ: ನೀರು ಮುಗಿಯುವ ಮುನ್ನ ಬೆಂಕಿ ಆರಬೇಕು. ಆದ್ದರಿಂದ ಅರಿತವರು ಸ್ಪಿರಿಟನ್ನು ಕಣ್ಣಂದಾಜಿನಲ್ಲಿ ಸುರಿಯುವುದಿಲ್ಲ, ಅಳೆದು ಹಾಕುತ್ತಾರೆ. ಬಾಯ್ಲರಿನಲ್ಲಿ ಇನ್ನೂ ಒಂದಿಷ್ಟು ನೀರು ಉಳಿದಿರುವಾಗಲೇ ದೀಪ ತಾನಾಗಿ ನಂದುವಷ್ಟು ಮಾತ್ರ. ಕೆರೆಯ ನಡುವೆ ಇರುವ ದೋಣಿಯ ದೀಪವನ್ನು ಆರಿಸಲು ಯಾರೂ ಹೋಗಲಾರರಷ್ಟೆ? ನೀರು ಬತ್ತಿದ ಬಾಯ್ಲರಿಗೆ ಉರಿ ತಗುಲಿದರೆ, ತವರದ ಬೆಸುಗೆಯಿಂದ ಮಾಡಿದ ಅಗ್ಗದ ಬಾಯ್ಲರಾಗಿದ್ದಲ್ಲಿ, ಬೆಸುಗೆ ಕರಗಿ ಸಂದುಗಳು ಬಿಟ್ಟುಕೊಳ್ಳುತ್ತವೆ. ಆ ಬೆಸುಗೆ ಸುಮಾರು 190 ಡಿಗ್ರಿಗೇ ಕರಗತೊಡಗುವಂಥದು. ಒಳ್ಳೆಯ ತಾಮ್ರದ ಬಾಯ್ಲರುಗಳಿಗೆ ಬೆಳ್ಳಿ ಬೆರೆತ ಬೆಸುಗೆ ಹಾಕುತ್ತಾರೆ. ಅದು ಕರಗಲು 600 ಡಿಗ್ರಿಗೂ ಮೀರಿದ ಕಾವು ಬೇಕು.

ಹೊಸ ಬಾಯ್ಲರನ್ನು ಬ್ರಿಟನ್ನಿನ ಸಂಘಗಳಲ್ಲಿ ಪರೀಕ್ಷಿಸುವ ಕ್ರಮವೂ ತಿಳಿಯತಕ್ಕದ್ದು. ಅದರೊಳಗೆ ತಣ್ಣೀರನ್ನು ತುಂಬಿ, ಕೆಲಸದ ಒತ್ತಡದ ಎರಡು ಪಟ್ಟು ಒತ್ತುತ್ತಾರೆ. ಉಗಿಯಿಂದ ಅಥವಾ ಗಾಳಿಯಿಂದ ಪರೀಕ್ಷಿಸಲು ಹೊರಟರೆ ಬಿರುಕು ಬಿಟ್ಟೊಡನೆ ಅದು ಸಿಡಿಯುತ್ತದೆ. ನೀರು ಹೆಚ್ಚು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲವಾದ್ದರಿಂದ ಬಿರುಕಿನಿಂದ ಕೇವಲ ಜಿನುಗುತ್ತದೆ. ಯಾವ ಸಂತೆಯಲ್ಲೋ ಹಳೆಯ ಉಗಿಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ತಂದು, ಪರೀಕ್ಷಿಸದೆ ಬೆಂಕಿ ಹೊತ್ತಿಸುವವರಿಗೆ ನಮ್ಮ ಸಮ್ಮತಿಯಿಲ್ಲ. ಸುರಕ್ಷಾ ಕವಾಟ ತುಕ್ಕಿನಿಂದ ಕಚ್ಚಿಕೊಂಡಿದ್ದರಂತೂ ಅದನ್ನು ಬದಲಿಸುವವರೆಗೆ ಮುಟ್ಟಲೇಕೂಡದು.

ಸ್ಪಿರಿಟಿನ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವೆಂಬುದು ಇನ್ನೊಂದು ಅಪಾಯ. ದೀಪ ಆರಿತೆಂದು ತಿಳಿದು ಮತ್ತೆ ಸುರಿಯಲು ಹೋದವರ ಕೈಯಲ್ಲಿನ ಶೀಷೆಗೇ ಉರಿ ಹತ್ತುವುದುಂಟು. ಯಂತ್ರ ಪೂರ್ತಿ ತಣಿದ ಮೇಲೆಯೇ ಮತ್ತೆ ಸುರಿಯತಕ್ಕದ್ದು, ಅದೂ ಹಿರಿಯರೇ. ಒದ್ದೆ ಗೋಣಿಚೀಲವೊಂದು ಪಕ್ಕದಲ್ಲಿರಲಿ. ಸ್ಪಿರಿಟ್ ನೀರಿನಲ್ಲಿ ಬೆರೆಯುವುದರಿಂದ ಸೀಮೆಎಣ್ಣೆಯ ಬೆಂಕಿಗೆ ಸಲ್ಲದ ನೀರು ಇದಕ್ಕೆ ಸಲ್ಲುತ್ತದೆ. ಕೈ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಶಾಯಿ, ಬೆಣ್ಣೆ, ಟೂತ್ ಪೇಸ್ಟ್ ಬೇಡ.

ಇಷ್ಟೆಲ್ಲ ಓದಿ, ಈ ಆಟ ವಿಲಾಯಿತಿಯವರಿಗೇ ಇರಲಿ ಎನ್ನುವವರಿಗೆ ನಮ್ಮ ಜಾತ್ರೆಗಳನ್ನು ನೆನಪಿಸುತ್ತೇವೆ. ಜಾತ್ರೆಯ ಆಟಿಕೆಯಂಗಡಿಯ ಮುಂದೆ, ನೀರು ತುಂಬಿದ ತೊಟ್ಟಿಯಲ್ಲಿ ಟಪಟಪನೆ ಸದ್ದು ಮಾಡುತ್ತ ಸುತ್ತುವ ಬಣ್ಣಬಣ್ಣದ ತಗಡಿನ ದೋಣಿಯನ್ನು ಕಾಣದವರುಂಟೇ? ಅದೂ ಉಗಿದೋಣಿಯೇ! ತೋಮಾಸ್ ಪಿಯೋ ಎಂಬವರು 1891ರಲ್ಲಿಯೇ ಬ್ರಿಟನ್ನಿನಲ್ಲಿ ಈ ಬಗೆಯ ದೋಣಿಗೆ ಹಕ್ಕುಪತ್ರ ಪಡೆದಿದ್ದರು. ಒಳಗೆ ಪಿಸ್ಟನ್ ಇಲ್ಲ, ತಿರುಗಣೆ ಇಲ್ಲ. ಇರುವುದು ತೆಳುತಗಡಿನ ಪುಟ್ಟ ಡಬ್ಬಿ, ಅದರಿಂದ ಹಿಂಬದಿಗೆ ಹೋಗಿ ನೀರಿನೊಳಗೆ ತೆರೆಯುವ ಎರಡು ಕೊಳವೆಗಳು, ಮತ್ತು ಕೆಳಗೊಂದು ಎಣ್ಣೆಬತ್ತಿ ಅಥವಾ ಮೇಣದಬತ್ತಿ. ಡಬ್ಬಿಯ ನೀರು ಉಗಿಯಾಗಿ ಕೊಳವೆಗಳ ನೀರನ್ನು ಹಿಂದಕ್ಕೆ ನೂಕುತ್ತದೆ. ಉಗಿ ಕೊಳವೆಯಲ್ಲಿ ತಣಿದೊಡನೆ ಒಳಗೆ ಬರಿದಾಗಿ ನೀರು ಮತ್ತೆ ಒಳಸೇರುತ್ತದೆ. ಹೀಗೆ ಸೆಕೆಂಡಿಗೆ ಹಲವು ಬಾರಿ. ಡಬ್ಬಿಯ ಮೇಲಿನ ತೆಳುತಗಡು ಉಬ್ಬಿ ತಗ್ಗುವುದೇ ಆ ಟಪಟಪ ಸದ್ದು.

ಇಲ್ಲೊಂದು ಪ್ರಶ್ನೆಯನ್ನು ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ. ನೀರನ್ನು ಹೊರಗೆ ನೂಕಿದಾಗ ದೋಣಿ ಮುಂದಕ್ಕೆ ಹೋಗುವುದಾದರೆ, ಒಳಗೆ ಎಳೆದಾಗ ಹಿಂದಕ್ಕೆ ಬರಬೇಡವೇ? ಉತ್ತರವನ್ನು ದೇವರ ಮನೆಯ ದೀಪದ ಮುಂದೆಯೇ ತೋರಿಸಬಹುದು. ಮೊಳದಷ್ಟು ದೂರದಿಂದ ಊದಿದರೆ ದೀಪ ಆರುತ್ತದೆ. ಅಷ್ಟೇ ದೂರದಿಂದ ಎಷ್ಟು ಬಲವಾಗಿ ಉಸಿರನ್ನು ಒಳಕ್ಕೆಳೆದರೂ ಆರುವುದಿಲ್ಲ. ಊದಿದ ಗಾಳಿ ಒಂದೇ ಧಾರೆಯಾಗಿ ಒಂದೇ ಕಡೆಗೆ ಹೋಗುತ್ತದೆ, ಎಳೆದ ಗಾಳಿ ಎಲ್ಲ ಕಡೆಯಿಂದಲೂ ಬರುತ್ತದೆ. ನೀರಿಗೂ ಇದೇ ನಿಯಮ. ಹತ್ತು ವರ್ಷದ ಮಗುವಿಗೆ ಇದನ್ನು ತೋರಿಸಿದ ಮೇಲೆ ಪಾಠದ ಪುಸ್ತಕದ ಮೂರನೆಯ ನಿಯಮ ತಾನಾಗಿ ತಲೆಗೆ ಹೋಗುತ್ತದೆ. ಅಜ್ಜಿಯವರಿದ್ದ ಆ ಮನೆಗೆ ನಾವು ಹೇಳಿಕಳುಹಿಸಿದ್ದು ಇಷ್ಟೇ: ಈ ವರ್ಷ ತಗಡಿನ ದೋಣಿ, ಬಚ್ಚಲಮನೆಯ ಅಗಲವಾದ ಬೋಗುಣಿಯಲ್ಲಿ, ದೊಡ್ಡದು ಅಟ್ಟದಿಂದ ಇಳಿಯುವುದು ಮಗುವಿಗೆ ಅಳತೆಯ ಅಭ್ಯಾಸವಾದ ಮೇಲೆ, ಚಿಕ್ಕಪ್ಪ ಜೊತೆಗಿರುವಾಗ.

ಕೆರೆಗೆ ಹೋಗುವವರು ನೆನಪಿಡಬೇಕಾದುದು ಇನ್ನೊಂದುಂಟು. ದೋಣಿ ನಡುವೆ ನಿಂತುಹೋದರೆ ನೀರಿಗಿಳಿಯಬಾರದು. ನಮ್ಮ ಕೆರೆಗಳಲ್ಲಿ ಮಣ್ಣು ತೆಗೆದ ಹೊಂಡಗಳು ದಡದ ಸಮೀಪದಲ್ಲಿಯೇ ಇರುತ್ತವೆ, ಹೂಳು ಕಾಲನ್ನು ಹಿಡಿಯುತ್ತದೆ. ಗಾಳಿಯು ದೋಣಿಯನ್ನು ಯಾವುದಾದರೊಂದು ದಡಕ್ಕೆ ತಂದೇ ತರುತ್ತದೆ, ಕಾಯಬೇಕು. ಕಾಯಲಾರದವರು ಉದ್ದನೆಯ ದಾರವನ್ನು ಇಬ್ಬರು ಎದುರುಬದುರು ದಡಗಳಲ್ಲಿ ಹಿಡಿದು ನಡೆದು ದೋಣಿಯನ್ನು ಬಳಿಗೆ ಸೆಳೆಯಬಹುದು. ಬಾಯ್ಲರಿಗೆ ಕೊಳವೆಬಾವಿಯ ಗಡಸು ನೀರು ಸಲ್ಲದು, ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ಅದರೊಳಗೂ ಬಿಳಿಯ ಕಿಟ್ಟ ಕಟ್ಟುತ್ತದೆ. ಸೋಸಿದ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರು ಒಳ್ಳೆಯದು. ಮನೆಗೆ ಬಂದ ಮೇಲೆ ಬಾಯ್ಲರ್ ಇನ್ನೂ ಉಗುರುಬೆಚ್ಚಗಿರುವಾಗಲೇ ಉಳಿದ ನೀರನ್ನು ಚೆಲ್ಲಿ, ಬಿರಡೆ ತೆರೆದಿಟ್ಟು ಆರಲು ಬಿಡಬೇಕು. ಎಣ್ಣೆ ಬೆರೆತ ನೀರನ್ನು ಮಾತ್ರ ಕೆರೆಗೆ ಚೆಲ್ಲದೆ ಹಳೆಯ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.